ಡಬ್ಬಿಯೊಳಗಿನ ಚಿತ್ರದ ಕಾರ್ಡುಗಳು

ಅಮ್ಮ ಬಿಸ್ಕತ್ತಿನ ಡಬ್ಬಿಯಲ್ಲಿ ಕೂಡಿಟ್ಟ ಚಿತ್ರದ ಪೋಸ್ಟ್‌ಕಾರ್ಡುಗಳನ್ನು ಇವತ್ತು ಸುಮ್ನೆ ಹರಡಿಕೊಂಡು ಕೂತೆ. ಜೋಗ, ಕೆಆರ್‌ಎಸ್ ಕಾರಂಜಿ, ದೀಪ ಹಚ್ಚಿದ ಮೈಸೂರು ಅರಮನೆ. ಬೊಂಬಾಯಿಯಿಂದ ಮಾವ ಕಳಿಸಿದ ಗೇಟ್‌ವೇ ಆಫ್ ಇಂಡಿಯಾದಲ್ಲಿ ಸಮುದ್ರಕ್ಕೆ ನೀಲಿ ಸ್ವಲ್ಪ ಜಾಸ್ತಿಯೇ ಬಳಿದಿದ್ದಾರೆ!

ತಾರೀಕು ಮಾಸಿದ್ದರೂ ಕಾಲ ಅಂದಾಜು ಮಾಡಬಹುದು. ಪಿನ್‌ಕೋಡ್ ಬಂದಿದ್ದು 1972ರ ಆಗಸ್ಟ್ 15ಕ್ಕೆ, ರಾಜ್ಯ ಕರ್ನಾಟಕ ಆಗಿದ್ದು 1973ರ ನವೆಂಬರ್ 1ಕ್ಕೆ. ಪಿನ್ ಇಲ್ಲದೆ ‘ಮೈಸೂರು ರಾಜ್ಯ’ ಅಂತಿದ್ದರೆ ಹೆಚ್ಚುಕಮ್ಮಿ ಅದಕ್ಕೂ ಹಳೇದು.

ಹಿಂದೆ ತಿರುಗಿಸಿದರೆ ಚಿತ್ರದ ಬಗ್ಗೆ ಒಂದಕ್ಷರ ಇಲ್ಲ. ‘ಎಲ್ಲರೂ ಕ್ಷೇಮ. ಹುಡುಗನ ಕಡೆಯವರು ಒಪ್ಪಿದರು. ಉಪ್ಪಿನಕಾಯಿ ಕಳಿಸಿ.’ ಅಂಚೆಯಣ್ಣನೂ ಓದುತ್ತಾನೆ ಅಂತ ಗೊತ್ತಿದ್ದೇ ಬರೆಯುತ್ತಿದ್ದರು ಅಲ್ವಾ? ನಾವು ಫ್ಯಾಮಿಲಿ ಗ್ರೂಪಿನಲ್ಲೂ ಇಷ್ಟು ಬಿಚ್ಚಿ ಹೇಳಲ್ಲ. ಅದು ಯಾವ ಹುಡುಗ ಅಂತ ಅಮ್ಮನಿಗೆ ನೆನಪಿಲ್ಲ, ಚಿಕ್ಕಮ್ಮನನ್ನು ಕೇಳಬೇಕು.