ತವರಿಗೆ ಮೂವತ್ತು ಕಲ್ಲು ಕಳಿಸಿದವಳ ಕೋಟೆ

ಕೈಲಾಸದ ಪರಿಕ್ರಮೆ ಮುಗಿಸಿ ತೀರ್ಥಪುರಿಯ ಬಿಸಿನೀರಿನ ಬುಗ್ಗೆಗಳನ್ನು ನೋಡಿದ ಮೇಲೆ ತಂಡದವರೆಲ್ಲ ದಾರ್ಚೆನ್‌ಗೆ ಹಿಂದಿರುಗಿದರು. ಮೊದಲೇ ಪರವಾನಗಿ ಮಾಡಿಸಿಕೊಂಡಿದ್ದ ನಾನೂ ನನ್ನಣ್ಣನೂ ಮಾತ್ರ ಗೈಡ್‌ನ ಜೊತೆ ಸಟ್ಲೆಜ್ ನದಿಯ ಗುಂಟ ಕ್ಯುಂಗ್‌ಲುಂಗ್ ಎಂಬ ಹಳ್ಳಿಯ ಕಡೆಗೆ ಹೊರಟೆವು. ಟಿಬೆಟಿನವರು ಈ ನದಿಯನ್ನು ಲಾಂಗ್‌ಚೆನ್ ಖಬಬ್, ಅಂದರೆ ಆನೆಯ ಬಾಯಿಂದ ಇಳಿದದ್ದು ಎನ್ನುತ್ತಾರೆ. ನಮ್ಮ ಪುರಾಣಗಳ ಶತದ್ರು ಇದೇ. ಮುಂದೆ ಹಿಮಾಚಲಕ್ಕೆ ಇಳಿದು ಭಾಕ್ರಾ ಅಣೆಕಟ್ಟೆ ಸೇರುವ ನೀರೂ ಇದೇ.

ದಾರಿಯಲ್ಲಿ ಗುರುಗ್ಯಮ್ ಎಂಬಲ್ಲಿ ಟಿಬೆಟಿನ ಹಳೆಯ ಧರ್ಮವಾದ ಬೋನ್ ಪಂಥದ ಮಠವೊಂದಿದೆ. ಅದರ ಸಮೀಪದ ಹಳೆಯ ಗೋರಿಗಳಲ್ಲಿ ಚೀನೀ ಅಕ್ಷರ ನೇಯ್ದ ರೇಷ್ಮೆಯ ತುಂಡೂ, ಸುಮಾರು 1,800 ವರ್ಷ ಹಳೆಯದಾದ ಚಹಾ ಎಲೆಯ ಅವಶೇಷವೂ ಸಿಕ್ಕಿವೆ. ಚಹಾದ ಸಂಗತಿ 2016ರಲ್ಲಿ ಪ್ರಕಟವಾದಾಗ ಓದಿದ್ದೆ. ಈ ಊರನ್ನು ನೋಡಲೇಬೇಕೆಂಬ ಹಟ ಹುಟ್ಟಿದ್ದು ಅಂದಿನಿಂದಲೇ.

ಬೌದ್ಧಧರ್ಮ ಟಿಬೆಟಿಗೆ ಬರುವ ಮೊದಲು ಈ ಸೀಮೆಯನ್ನು ಆಳಿದ್ದು ಝಾಂಗ್‌ಝುಂಗ್ ರಾಜ್ಯ. ಅದರ ರಾಜಧಾನಿಯೇ ಕ್ಯುಂಗ್‌ಲುಂಗಿನ ಬೆಳ್ಳಿಕೋಟೆ. ಆ ಕೋಟೆ ಹಳ್ಳಿಯ ಬಳಿಯ ಈ ಪಾಳುಗಳಲ್ಲಿತ್ತೋ ಗುರುಗ್ಯಮ್ ಎದುರಿನ ಖಾರ್‌ದೊಂಗ್ ಗುಡ್ಡದ ಮೇಲಿತ್ತೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ನದಿ ದಾಟಿ ನಿಂತರೆ ಬೂದಿ, ಕಾವಿ, ಹಳದಿ ಬಣ್ಣಗಳ ಮಣ್ಣಿನ ಕಡಿದಾದ ಗೋಡೆ. ಅದರ ಮೈತುಂಬ ಜೇನುಹುಟ್ಟಿನ ಕಣ್ಣುಗಳಂತೆ ಗುಹೆಗಳು. 4,000 ಮೀಟರಿಗೂ ಮಿಕ್ಕ ಎತ್ತರದಲ್ಲಿ ಹತ್ತು ಹೆಜ್ಜೆಗೊಮ್ಮೆ ನಿಂತು ಉಸಿರೆಳೆದುಕೊಳ್ಳುತ್ತ ಏರಿದೆವು. ಒಂದು ಗುಹೆಯೊಳಗೆ ಹೊಕ್ಕಾಗ ಮೇಲ್ಛಾವಣಿಗೆ ಹತ್ತಿದ್ದ ಮಸಿ ಬೆರಳಿಗೆ ಅಂಟಿತು. ಯಾರದೋ ಒಲೆಯ ಹೊಗೆ ಅದು.

ಅಲ್ಲಿ ಕುಳಿತಾಗ ಗೈಡ್ ಹೇಳಿದ್ದು ಸೇಮರ್ಕರ್‌ಳ ಕಥೆ. ಟಿಬೆಟನ್ನು ಒಂದುಗೂಡಿಸಿದ ದೊರೆ ಸೊಂಗ್‌ಚೆನ್ ಗಂಪೊನ ಸೋದರಿ ಅವಳು. ಝಾಂಗ್‌ಝುಂಗಿನ ಅರಸನಿಗೆ ಅವಳನ್ನು ಕೊಟ್ಟಿದ್ದರು. ಚೀನಾದ ದುನ್‌ಹುವಾಂಗ್ ಗುಹೆಯಲ್ಲಿ ದೊರೆತ ಹಳೆಯ ಟಿಬೆಟನ್ ಬರಹದಲ್ಲಿ ಅವಳ ಹಾಡುಗಳು ಉಳಿದಿವೆ. ತನ್ನ ಪಾಲಿಗೆ ಬಂದದ್ದು ಕ್ಯುಂಗ್‌ಲುಂಗಿನ ಕೋಟೆ, ಹೊರಗಿನಿಂದ ನೋಡಿದರೆ ಬಂಡೆ, ಒಳಗೆ ಚಿನ್ನವೆಂದು ಜನ ಹೇಳುತ್ತಾರೆ, ತನಗೆ ಕಾಣುವುದು ಮಾತ್ರ ಬರಡು. ಉಣ್ಣುವುದಕ್ಕೆ ಸಿಗುವುದು ಮೀನು ಮತ್ತು ಗೋಧಿ, ಅದೂ ಬಾಯಿಗೆ ಕಹಿ ಎಂದು ಅವಳು ಹಾಡುತ್ತಾಳೆ. ಅಣ್ಣನ ದೂತ ಬಂದಾಗ ಅವನ ಕೈಯಲ್ಲಿ ಅವಳು ಕಳಿಸಿದ್ದು ಮುದ್ರೆಯೊತ್ತಿದ ಗಂಟು. ಬಿಚ್ಚಿದರೆ ಒಳಗಿದ್ದದ್ದು ಸುಮಾರು ಮೂವತ್ತು ಫಿರೋಜಾ ಎಂಬ ನೀಲಿ ಕಲ್ಲುಗಳು. ದಂಡೆತ್ತಿ ಬರುವ ಧೈರ್ಯವಿದ್ದರೆ ಇವನ್ನು ಗಂಡಸರಂತೆ ಧರಿಸಿ, ಇಲ್ಲವಾದರೆ ಹೆಂಗಸರಂತೆ ತೊಡಿ ಎಂಬುದು ಆ ಸಂಕೇತದ ಅರ್ಥ. ಏಳನೆಯ ಶತಮಾನದಲ್ಲಿ ಝಾಂಗ್‌ಝುಂಗ್ ಸೋತು ಟಿಬೆಟಿನ ವಶವಾಯಿತು.

ಸಾಮ್ರಾಜ್ಯದ ಲೆಕ್ಕಾಚಾರಕ್ಕಾಗಿ ಹೆಣ್ಣೊಬ್ಬಳನ್ನು ಈ ಬಂಡೆಗಳ ನಡುವೆ ತಂದು ನಿಲ್ಲಿಸಿದ್ದು ನೆನೆದು ನನಗೆ ಸಂಕಟವಾಯಿತು. ನನ್ನಣ್ಣ ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ, "ಅವ್ವ ಬೀಸೋವಾಗ ಹಾಡತಿದ್ದ ಪದದಾಗೂ ಹಿಂಗ ಇತ್ತಲ್ಲ ತಂಗೀ, ತವರಿಗೆ ಹೇಳಿ ಕಳಸೋದು" ಎಂದ.

ಇಳಿದು ಬಂದಾಗ ಹಳ್ಳಿಯ ಅಜ್ಜಿಯೊಬ್ಬರು ಒಳಗೆ ಕರೆದರು. ಒಣಗಿದ ಯಾಕ್ ಸಗಣಿಯ ಬೆರಣಿಯನ್ನು ಮುರಿದು ಒಲೆಗಿಟ್ಟು, ಉಪ್ಪು ಬೆಣ್ಣೆ ಹಾಕಿ ಕಡೆದ ಚಹಾವನ್ನು ಮರದ ಬಟ್ಟಲಿಗೆ ಸುರಿದರು. ಮೇಲೆ ಬೆಣ್ಣೆಯ ಹೊಂಬಣ್ಣದ ಕಣ್ಣುಗಳು ತೇಲುತ್ತಿದ್ದವು. ಒಂದು ಗುಟುಕು ಕುಡಿದರೆ ಸಾಕು, ಬಟ್ಟಲು ಮತ್ತೆ ತುಂಬುತ್ತಿತ್ತು. ಅವರ ಕೊರಳಲ್ಲಿ ಹವಳಗಳ ನಡುವೆ ಹೆಬ್ಬೆರಳಿನಷ್ಟು ದೊಡ್ಡ ಫಿರೋಜಾ ಕಲ್ಲೊಂದಿತ್ತು. ಒಂದು ಅಂಚು ಸವೆದು ಹಸಿರಿಗೆ ತಿರುಗಿತ್ತು. ಅದು ಎಲ್ಲಿಯದೆಂದು ಗೈಡ್‌ನ ಮೂಲಕ ಕೇಳಿದೆ. ಅಜ್ಜಿ ಕಲ್ಲನ್ನು ಅಂಗೈಯಲ್ಲಿ ಹಿಡಿದು, ನದಿಯ ಆಚೆಗಿನ ಬೆಟ್ಟಗಳ ಕಡೆ ಗಲ್ಲ ಎತ್ತಿ ತೋರಿಸಿ, "ಅಮ್ಮ ಕೊಟ್ಟದ್ದು" ಎಂದರು.