ರಜೆಗೆ ಮುನ್ನ ಒಂದು ರಕ್ತದಾನ

ಕಾಲೇಜುಗಳಿಗೆ ರಜೆ ಬಂದೊಡನೆ ಶಿಬಿರಗಳು ವಿರಳವಾಗಿ, ಏಪ್ರಿಲ್‌, ಮೇ ತಿಂಗಳುಗಳಲ್ಲಿ ರಕ್ತನಿಧಿಗಳ ದಾಸ್ತಾನು ತಗ್ಗುತ್ತದೆ. ನಮ್ಮ ಆಸ್ಪತ್ರೆಗಳು ಕಾಲೇಜಿನ ಎಳೆಯರನ್ನು ಎಷ್ಟು ನೆಚ್ಚಿಕೊಂಡಿವೆ ಎಂಬುದು ಇದರಿಂದಲೇ ತಿಳಿಯುತ್ತದೆ.

ಕಳೆದ ಮಾರ್ಚ್‌ನಲ್ಲಿ ನಮ್ಮೂರಿನ ಶಿಬಿರದಲ್ಲಿ, 18 ತುಂಬಿ ವಾರವಷ್ಟೇ ಆಗಿದ್ದ ಹುಡುಗನೊಬ್ಬ ಸೂಜಿಯತ್ತ ನೋಡಲಾಗದೆ ಮುಖ ತಿರುಗಿಸಿಕೊಂಡು, ಅಂಗೈಯಲ್ಲಿದ್ದ ರಬ್ಬರ್ ಚೆಂಡನ್ನು ಒಂದೇ ಸಮನೆ ಅದುಮುತ್ತಿದ್ದ. ಅವನು ಕೊಟ್ಟ 350 ಮಿಲಿಲೀಟರ್ ರಕ್ತದಿಂದ ಬೇರ್ಪಡಿಸಿದ ಕೆಂಪುಕಣಗಳನ್ನು 42 ದಿನಗಳವರೆಗೆ ಕಾಯ್ದಿಡಬಹುದಾದರೂ ರಕ್ತ ಹೆಪ್ಪುಗಟ್ಟಲು ನೆರವಾಗುವ ಪ್ಲೇಟ್‌ಲೆಟ್‌ಗಳ ಬಾಳಿಕೆ ಸಾಮಾನ್ಯವಾಗಿ 5 ದಿನ ಮಾತ್ರ. ಹಾಗಾಗಿ ಒಮ್ಮೆ ಕೂಡಿಟ್ಟರೆ ಸಾಕಾಗುವ ದಾನ ಇದಲ್ಲ. ತೀವ್ರ ಥಲಸ್ಸೀಮಿಯಾ (ದೇಹದಲ್ಲಿ ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ ಆನುವಂಶಿಕ ಕಾಯಿಲೆ) ಇರುವ ಮಕ್ಕಳಿಗಂತೂ ಎರಡರಿಂದ ನಾಲ್ಕು ವಾರಗಳಿಗೊಮ್ಮೆ ರಕ್ತ ಬೇಕೇ ಬೇಕು. ಯಾರಿಗೆ ಸೇರುತ್ತದೆಂದು ತಿಳಿಯದೆಯೇ ಕೊಡುವ ಈ ಔದಾರ್ಯವನ್ನು ನಾನು ಬಹಳ ದೊಡ್ಡದೆಂದು ಭಾವಿಸುತ್ತೇನೆ. ಹಣ್ಣಿನ ರಸ ಕುಡಿದು ಎದ್ದ ಆ ಹುಡುಗ, ಮತ್ತೆ ಕೊಡಲು 90 ದಿನ ಕಾಯಬೇಕೆಂದು ದಾದಿ ಹೇಳಿದಾಗ, ಮೊಬೈಲ್ ತೆಗೆದು ಜೂನ್ ತಿಂಗಳ ದಿನವೊಂದನ್ನು ಗುರುತು ಹಾಕಿಕೊಂಡ.