ಹಿಮದ ಘಾಟಿಗೆ ಕಾರಲ್ಲಿ ಹೊರಟಿದ್ದೀರಾ? ಮೊದಲು ಟೈರ್ ನೋಡಿ

ಫೋರ್ ವೀಲ್ ಡ್ರೈವ್, ಅಂದರೆ ಎಂಜಿನ್ ನಾಲ್ಕೂ ಚಕ್ರ ತಿರುಗಿಸುವ ಕಾರು, ಇಲ್ಲದೆ ಹಿಮದಲ್ಲಿ ಹೋಗಬಹುದಾ ಅಂತ ಎಲ್ಲರೂ ಕೇಳುತ್ತಾರೆ. ಹೋಗಬಹುದು. ನಾವು ಗೆಳೆಯರು ಹೋದದ್ದು ಮೂರು ಕಾರುಗಳಲ್ಲಿ. ನನ್ನದು ಫ್ರಂಟ್ ವೀಲ್ ಡ್ರೈವ್ ಹ್ಯಾಚ್‌ಬ್ಯಾಕ್, ಇನ್ನೊಂದು ರಿಯರ್ ವೀಲ್ ಡ್ರೈವ್ ಸೆಡಾನ್, ಎರಡಕ್ಕೂ ವಿಂಟರ್ ಟೈರ್. ಮೂರನೆಯದು ಆಲ್ ವೀಲ್ ಡ್ರೈವ್ ಎಸ್‌ಯುವಿ, ಅದು ಮಾತ್ರ ಬೇಸಿಗೆ ಟೈರಲ್ಲೇ ಬಂದಿತ್ತು.

ಹತ್ತುವಾಗ ಎಸ್‌ಯುವಿಯದೇ ದರ್ಬಾರು. ನಾಲ್ಕೂ ಚಕ್ರ ತಳ್ಳುತ್ತಿದ್ದವಲ್ಲ, ನಮ್ಮನ್ನು ಹಿಂದೆ ಬಿಟ್ಟು ಆರಾಮಾಗಿ ಏರಿತು. ನನ್ನ ಕಾರಿನಲ್ಲಿ ಎಂಜಿನ್ ಭಾರವೆಲ್ಲ ಎಳೆಯುವ ಚಕ್ರಗಳ ಮೇಲೇ ಕೂತಿರುವುದರಿಂದ ಸಮತಟ್ಟಿನಲ್ಲಿ ಒಳ್ಳೆಯ ಹಿಡಿತ, ಆದರೆ ಏರು ಕಡಿದಾದ ಕೂಡಲೇ ಭಾರ ಹಿಂದಕ್ಕೆ ಸರಿದು ಮುಂದಿನ ಚಕ್ರ ಗಿರ್ರನೆ ಸುತ್ತತೊಡಗುತ್ತದೆ. ಎರಡನೇ ಗೇರಿನಲ್ಲಿ ಮೆಲ್ಲಗೆ, ಒಂದೇ ಸಮನೆ ಹತ್ತಿಸಿ. ಏರಿನ ನಡುವೆ ಸುಮ್ನೆ ನಿಲ್ಲಿಸಬೇಡಿ.

ಸೆಡಾನ್‌ನದು ಬೇರೆ ಕಥೆ. ತಿರುವಿನಲ್ಲಿ ಆಕ್ಸಿಲರೇಟರ್ ಸ್ವಲ್ಪ ಜಾಸ್ತಿ ಒತ್ತಿದರೂ ಹಿಂಭಾಗ ಪಕ್ಕಕ್ಕೆ ಜಾರುತ್ತದೆ. ಆಗ ಬ್ರೇಕ್ ತುಳಿಯದೆ, ಕಾಲು ಮೆಲ್ಲಗೆ ಎತ್ತಿ, ಹಿಂಭಾಗ ಜಾರಿದ ದಿಕ್ಕಿಗೇ ಸ್ಟೇರಿಂಗ್ ತಿರುಗಿಸಬೇಕು. ಗೆಳೆಯನಿಗೆ ಅದು ರೂಢಿ ಇತ್ತು, ಹೊಸಬರಿಗೆ ನಾನಂತೂ ಈ ಕಾರು ಹೇಳುವುದಿಲ್ಲ.

ನಿಜವಾದ ಪರೀಕ್ಷೆ ಇಳಿಯುವಾಗ. ಬ್ರೇಕ್ ಎಲ್ಲ ಕಾರಿಗೂ ನಾಲ್ಕು ಚಕ್ರಕ್ಕೇ ಇರುವುದು, ಅಲ್ವಾ? ಅಲ್ಲಿ ಆಲ್ ವೀಲ್ ಡ್ರೈವ್ ಏನೂ ಮಾಡಲಾರದು. ಮೊದಲ ತಿರುವಿನಲ್ಲೇ ಎಸ್‌ಯುವಿಯ ಎಬಿಎಸ್ (ಬ್ರೇಕ್ ತುಳಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಕಟಕಟ ಸದ್ದು ಮಾಡಿತು, ಪೆಡಲ್ ಕಾಲಡಿ ನಡುಗಿತು, ಗಾಡಿ ಮಾತ್ರ ನೇರ ಜಾರಿಕೊಂಡು ಹೋಗಿ ರಸ್ತೆ ಬದಿಯ ಹಿಮದ ರಾಶಿಗೆ ಮೂಗು ತೂರಿಸಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಅದರ ಹಿಂದೆಯೇ ನನ್ನ ಪುಟ್ಟ ಕಾರು ಲೋ ಗೇರಿನಲ್ಲಿ ನಿಧಾನಕ್ಕೆ ಇಳಿಯಿತು.

ಸುಮಾರು 7 ಡಿಗ್ರಿಗಿಂತ ಕೆಳಗೆ ಬೇಸಿಗೆ ಟೈರಿನ ರಬ್ಬರ್ ಗಟ್ಟಿಯಾಗಿ ಹಿಡಿತ ಬಿಡುತ್ತದೆ. ವಿಂಟರ್ ಟೈರಿನದು ಚಳಿಯಲ್ಲೂ ಮೆತ್ತಗಿರುತ್ತದೆ. ಕೊಳ್ಳುವಾಗ ಟೈರಿನ ಪಕ್ಕದ ಗೋಡೆಯ ಮೇಲೆ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳಿನ ಗುರುತು ಇದೆಯಾ ನೋಡಿ. ಬರೀ ಎಂ ಪ್ಲಸ್ ಎಸ್ (ಮಡ್ ಅಂಡ್ ಸ್ನೋ, ಕೆಸರು ಮತ್ತು ಹಿಮ) ಅಂತ ಬರೆದಿದ್ದರೆ ಸಾಲದು. ದುಡ್ಡು ಉಳಿಸಲು ಎರಡೇ ಹಾಕಿಸುವವರಿದ್ದಾರೆ, ದಯವಿಟ್ಟು ಬೇಡ, ನಾಲ್ಕೂ ಹಾಕಿಸಿ.

ಹಿಮದಲ್ಲಿ ಹಿಡಿತಕ್ಕಾಗಿ ಟೈರಿಗೆ ಸುತ್ತುವ ಚೈನ್ ಹಾಕುವುದು ಎಂಜಿನ್ ತಿರುಗಿಸುವ ಚಕ್ರಗಳಿಗೆ: ನನ್ನಂಥ ಕಾರಿಗೆ ಮುಂದೆ, ಸೆಡಾನ್‌ಗೆ ಹಿಂದೆ. ಆಲ್ ವೀಲ್ ಡ್ರೈವ್ ಆದರೆ ಮ್ಯಾನುಯಲ್ ನೋಡಿ. ಲಿವರ್ ಎಳೆದು ಹಾಕುವ ಹಳೆಯ ಬಗೆಯ ಫೋರ್ ವೀಲ್ ಡ್ರೈವ್ ಇದ್ದರೆ, ಒಣ ಡಾಂಬರು ಸಿಕ್ಕ ಕೂಡಲೇ ಟೂ ವೀಲ್‌ಗೆ ತನ್ನಿ, ಇಲ್ಲದಿದ್ದರೆ ಗೇರ್ ಭಾಗಗಳಿಗೆ ಪೆಟ್ಟು. ಎಲೆಕ್ಟ್ರಿಕ್ ಕಾರಿನವರು ರೀಜನ್ (ಆಕ್ಸಿಲರೇಟರ್‌ನಿಂದ ಕಾಲೆತ್ತಿದಾಗ ಮೋಟಾರೇ ಕಾರಿನ ವೇಗ ತಗ್ಗಿಸುವುದು) ಕಮ್ಮಿ ಇಟ್ಟುಕೊಳ್ಳಿ, ಕಾಲೆತ್ತಿದ ತಕ್ಷಣ ಚಕ್ರ ಜಾರುವ ಸಾಧ್ಯತೆ ಇರುತ್ತದೆ.

ಹೊರಡುವ ಮೊದಲು ಮನೆ ಹತ್ತಿರವೇ ಒಮ್ಮೆ ಚೈನ್ ಹಾಕಿ ಬಿಚ್ಚಿ ನೋಡಿ. ಬೆರಳು ಮರಗಟ್ಟಿದಾಗ, ಕತ್ತಲಲ್ಲಿ, ಅದನ್ನು ಕಲಿಯಲು ಆಗುವುದಿಲ್ಲ.